ಗಿಳಿಯೊಳಗಿನ ಜೀವದಿಂದ ಹಾರುವ ಓತಿಯವರೆಗೆ

ಏಳು ಸಮುದ್ರದಾಚೆ ಏಳು ಸುತ್ತಿನ ಕೋಟೆ. ಕೋಟೆಯೊಳಗೊಂದು ಪಂಜರ, ಪಂಜರದೊಳಗೊಂದು ಗಿಳಿ. ರಾಕ್ಷಸನ ಜೀವ ಇರುವುದು ಆ ಗಿಳಿಯಲ್ಲಿ. ಮೊನ್ನೆ ಮೊನ್ನೆಯವರೆಗೂ ಈ ಕಥೆ ಕೇಳದೆ ಬೆಳೆದ ಕನ್ನಡದ ಮಗು ಅಪರೂಪ. ಅಜ್ಜಿ ಹೇಳುತ್ತಿದ್ದಳು, ಮಕ್ಕಳು ಹೂಂಗುಟ್ಟುತ್ತಿದ್ದರು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಕನ್ನಡದಲ್ಲಿ ಮಕ್ಕಳಿಗೆ ಅದ್ಭುತದ, ಸಾಹಸದ ಪುಸ್ತಕಗಳೇ ಇಲ್ಲವಲ್ಲ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಗಿಳಿ ನೆನಪಾಗುತ್ತದೆ. ಕಲ್ಪನೆಯ ಬಡತನ ನಮಗೆ ಎಂದೂ ಇರಲಿಲ್ಲ. ಕೊರತೆ ಇದ್ದದ್ದು ಬೇರೆ ಕಡೆ. ಹನ್ನೆರಡರಿಂದ ಹದಿನಾರರೊಳಗಿನವರು ಊಟ ಮರೆತು ಓದುವಂಥ, ಒಂದೇ ಕಥೆಯ ದೊಡ್ಡ ಪುಸ್ತಕ ನಮ್ಮಲ್ಲಿ ಬಹುಕಾಲ ಹುಟ್ಟಲಿಲ್ಲ.

ಬರಹದಲ್ಲಿ ಮಾತಾಡುವ ಪ್ರಾಣಿಗಳು ನಮಗೆ ಹಳಬರೇ. ದುರ್ಗಸಿಂಹ 1031ರಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಆದರೆ ಅದು ಚಂಪೂ, ವಿದ್ವಾಂಸರ ಸೊತ್ತು. ಮಗುವನ್ನೇ ಎದುರಿಗೆ ಕೂರಿಸಿಕೊಂಡು ಬರೆಯುವ ಕೆಲಸಕ್ಕೆ ಗಟ್ಟಿಯಾದ ನೆಲೆ ಸಿಕ್ಕಿದ್ದು 1921ರಲ್ಲಿ, ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದಾಗ. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಅವರ ಕಥೆಯಲ್ಲಿ ಒಂದು ಪ್ರಶ್ನೆಯ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬರುತ್ತದೆ. ಕರಾವಳಿಯ ಅಂಗಳದಲ್ಲಿ ಮೀನು ಒಣಗುವುದನ್ನು ದಿನವೂ ನೋಡುವ ಮಗುವಿಗೆ ಅದ್ಭುತಲೋಕದ ಬಾಗಿಲು ಆ ಅಂಗಳದಲ್ಲೇ ತೆರೆದುಕೊಂಡಿತು.

ಹೊರಗಿನಿಂದ ಬಂದದ್ದನ್ನು ಒಳಗಿನದಾಗಿಸುವ ಕಲೆಯೂ ಅದೇ ಕಾಲದ್ದು. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಬರೆದ ಹ್ಯಾಮೆಲಿನ್ ಊರಿನ ಇಲಿಗಳ ಕಥೆಯನ್ನು ಕುವೆಂಪು ತುಂಗೆಯ ದಡಕ್ಕೆ ತಂದರು. ಅಲ್ಲಿನ ಮೇಯರ್ ಇಲ್ಲಿ ಗೌಡನಾದ. ಕೊಳಲಿನವನು ಕಿಂದರಿ ಹಿಡಿದ ಜೋಗಿಯಾದ. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಅನುವಾದವೆಂದು ತಿಳಿಯದೆಯೇ ಎಷ್ಟೋ ತಲೆಮಾರು ಬಾಯಿಪಾಠ ಮಾಡಿದೆ. ಇದಕ್ಕಿಂತ ದೊಡ್ಡ ಮೆಚ್ಚುಗೆ ಬೇಕೆ? ಅದೇ ಜಾಡಿನಲ್ಲಿ ನಾ. ಕಸ್ತೂರಿಯವರು ಲೂಯಿಸ್ ಕ್ಯಾರಲ್‌ನ ಆಲಿಸಳನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿಸಿದರು. ಪಾಪಚ್ಚಿ! ಆಲಿಸ್ ಎಂಬ ಹುಡುಗಿ ಪಕ್ಕದ ಮನೆಯವಳಾಗಲು ಆ ಹೆಸರೊಂದೇ ಸಾಕು. ಕೇರಳದಲ್ಲಿ ಹುಟ್ಟಿ ಮೈಸೂರಿಗೆ ಬಂದು ಕನ್ನಡ ಕಲಿತವರು ಕೊಟ್ಟ ಹೆಸರು ಇದು ಎಂಬುದು ನನಗೆ ಇಂದಿಗೂ ಸೋಜಿಗ.

ಶಿವರಾಮ ಕಾರಂತರ ಮೂರು ಸಂಪುಟಗಳ ‘ಬಾಲ ಪ್ರಪಂಚ’ದಲ್ಲಿ ಕಥೆಗಿಂತ ಲೋಕಜ್ಞಾನ ಮುಂದು. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ ಹನ್ನೆರಡು ಸಂಪುಟಗಳಲ್ಲಿ ಇಡೀ ವರ್ಷಕ್ಕೆ ಬುತ್ತಿ ಕಟ್ಟಿಕೊಟ್ಟಿತು. ಎರಡೂ ಮನೆಮನೆಯಲ್ಲಿ ಇರಬೇಕಾದವು. ಆದರೂ ಇವು ತುತ್ತು ತುತ್ತಾಗಿ ಸಿಗುವ ಓದು. ಮುಂದೇನಾಯಿತು ಎಂದು ತಿಂಗಳುಗಟ್ಟಲೆ ಕಾಯಿಸುವ ಕಥೆಯ ರುಚಿ ಹತ್ತಿಸಿದ್ದು ‘ಚಂದಮಾಮ’.

ಮದರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿಯವರು 1947ರ ಜುಲೈನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ ಮರುವರ್ಷ ಕನ್ನಡಕ್ಕೆ ಬಂತು. ನಮ್ಮ ಶಾಲೆಯ ಕಬ್ಬಿಣದ ಬೀರುವಿನಲ್ಲಿ ಅದರ ಹಳೆಯ ಸಂಚಿಕೆಗಳನ್ನು ದಾರ ಹಾಕಿ ಹೊಲಿದ ನಾಲ್ಕು ದಪ್ಪ ಕಟ್ಟುಗಳಿದ್ದವು. ಬೀರುವಿನ ಬೀಗ ತೆಗೆಯುತ್ತಿದ್ದದ್ದು ಶನಿವಾರ ಮಾತ್ರ. ಕಟ್ಟು ತೆರೆದರೆ ಮೊದಲು ಹುಡುಕುತ್ತಿದ್ದದ್ದು ಶಂಕರ್ ಬರೆದ ಆ ಚಿತ್ರವನ್ನು: ಒಂದು ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸ್ಮಶಾನದ ಹಾದಿಯಲ್ಲಿ ನಡೆಯುತ್ತಿರುವ ವಿಕ್ರಮ ರಾಜ. ಹೆಣದೊಳಗಿನ ಬೇತಾಳ ಕಥೆ ಹೇಳಿ ಕೊನೆಯಲ್ಲಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ, ಹೇಳಿದರೆ ಮೌನ ಮುರಿದು ಬೇತಾಳ ಮರಕ್ಕೆ ಹಾರುತ್ತದೆ. ಮೂಲದಲ್ಲಿ ಇಪ್ಪತ್ತೈದೇ ಕಥೆ. ‘ಚಂದಮಾಮ’ ಹೊಸ ಹೊಸ ಕಥೆ ಕಟ್ಟಿ ದಶಕಗಳ ಕಾಲ ರಾಜನನ್ನು ನಡೆಸಿತು. ನೀತಿಯನ್ನು ಕೊನೆಯಲ್ಲಿ ಅಂಟಿಸದೆ, ನ್ಯಾಯ ಯಾವುದೆಂದು ಮಗುವೇ ರಾಜನ ಜೊತೆ ಕೂತು ಯೋಚಿಸುವಂತೆ ಮಾಡಿದ ಈ ತಂತ್ರಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ.

ಜೊತೆಗೆ ಧಾರಾವಾಹಿಗಳು. ಮಾಂತ್ರಿಕರು, ಮೊಸಳೆಮೋರೆಯ ದೇವತೆಗಳು, ಪಾಳುಬಿದ್ದ ಕೋಟೆಗಳು. ಅವುಗಳಲ್ಲಿ ಅನೇಕವನ್ನು ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ಅವರ ಹೆಸರು ನಮಗೆ ಗೊತ್ತಾದದ್ದು ದೊಡ್ಡವರಾದ ಮೇಲೆ. ಪತ್ರಿಕೆಯ ಮಹಾಭಾರತದ ಮುಖಪುಟಗಳಿಂದ ಹೆಸರಾದ ಚಿತ್ರಗಾರ ಎಂ.ಟಿ.ವಿ. ಆಚಾರ್ಯರು ನಮ್ಮ ಮೈಸೂರಿನವರು. ಆದರೆ ಕಥೆ ಹುಟ್ಟುತ್ತಿದ್ದದ್ದು ಬಹುಪಾಲು ತೆಲುಗಿನಲ್ಲಿ, ನಡೆಯುತ್ತಿದ್ದದ್ದು ಯಾವ ನಕ್ಷೆಯಲ್ಲೂ ಇಲ್ಲದ ರಾಜ್ಯದಲ್ಲಿ. ನಮ್ಮ ಕಾಡು, ನಮ್ಮ ಹೊಳೆ ಅಲ್ಲಿರಲಿಲ್ಲ.

ಚಿತ್ರಕಥೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಬಹಳ ಜನಕ್ಕೆ ಗೊತ್ತಿಲ್ಲ. ‘ಅಮರ ಚಿತ್ರ ಕಥೆ’ ಮೊದಲು ಕಣ್ಣುಬಿಟ್ಟದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಸಿಂಡ್ರೆಲಾ, ಅಲ್ಲಾದೀನನಂಥ ಹೊರನಾಡ ಕಥೆಗಳನ್ನು ಕನ್ನಡದಲ್ಲಿ ಹೊರತಂದರು. ಪುರಾಣಗಳ ಸರಣಿಯಾಗಿ ಅದನ್ನು ದೇಶದಗಲ ಬೆಳೆಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಮುಂದೆ ‘ಬಾಲಮಂಗಳ’ ಪತ್ರಿಕೆಯ ಚಿತ್ರಕಥೆಯ ನಾಯಕ ಡಿಂಗ ಬಂದ; ಮಕ್ಕಳು ಕಿತ್ತಾಡಿ ಓದಿದರು.

ಇಷ್ಟಾದರೂ ಹೈಸ್ಕೂಲು ಮೆಟ್ಟಿಲೇರಿದ ಹುಡುಗ ಹುಡುಗಿಯರಿಗೆ ಏನಿತ್ತು? ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದುತ್ತಿದ್ದ ಅವು ಲಕ್ಷಾಂತರ ಜನಕ್ಕೆ ಓದಿನ ಚಟ ಹತ್ತಿಸಿದವು. ವಿಮರ್ಶಕರು ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ಅನ್ಯಾಯ.

ಆ ವಯಸ್ಸಿನವರ ಬಾಗಿಲು ಪೂರ್ತಿ ತೆರೆದವರು ಪೂರ್ಣಚಂದ್ರ ತೇಜಸ್ವಿ. ಮಕ್ಕಳಿಗಾಗಿ ಬರೆಯುತ್ತೇನೆ ಎಂದು ಅವರು ಹೊರಟವರಲ್ಲ. 1980ರ ‘ಕರ್ವಾಲೊ’ ದೊಡ್ಡವರ ಕಾದಂಬರಿಯೇ. ಆದರೆ ಅದರ ಒಡಲು ನೋಡಿ: ಒಬ್ಬ ವಿಜ್ಞಾನಿ, ಓದು ತಲೆಗೆ ಹತ್ತದ ಆದರೆ ಕಾಡಿನ ಗುಟ್ಟೆಲ್ಲ ಬಲ್ಲ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ. ಎಲ್ಲರೂ ಸೇರಿ ಹೊರಡುವುದು ಕೋಟ್ಯಂತರ ವರ್ಷಗಳ ಆಚೆಯಿಂದ ಉಳಿದು ಬಂದ ಹಾರುವ ಓತಿಯೊಂದನ್ನು ಹುಡುಕಿ. ಏಳು ಸಮುದ್ರದಾಚೆಯ ಗಿಳಿಯನ್ನು ಹುಡುಕಿದ ರಾಜಕುಮಾರನ ಪಯಣವೇ ಇದು. ದಾರಿ ಮಾತ್ರ ಮೂಡಿಗೆರೆಯ ಕಡೆಯದು, ಜಿಗಣೆಗಳಿರುವ ದಾರಿ. ಕೊನೆಗೆ ಓತಿ ಕಣ್ಣೆದುರೇ ತೇಲಿ ಹೋಗುತ್ತದೆ, ಕೈಗೆ ಸಿಗುವುದಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಆ ಪುಟ ಓದಿ ಮುಗಿಸಿ ಹಿತ್ತಿಲಿಗೆ ಹೋಗಿ ಅಡಿಕೆ ಮರಗಳನ್ನು ಕತ್ತೆತ್ತಿ ನೋಡುತ್ತಾ ನಿಂತದ್ದು ನನಗೆ ನೆನಪಿದೆ.

ಅವರ ಅನುವಾದಗಳದ್ದೂ ಅಷ್ಟೇ ತೂಕ. ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದ ಕಾಡಿನ ಕಥೆಗಳನ್ನು ತೇಜಸ್ವಿ ನಾಲ್ಕು ಪುಸ್ತಕಗಳಲ್ಲಿ ಮನೆಗೆ ಮರಳಿಸಿದರು. ಒಂದರ ಹೆಸರು ‘ಜಾಲಹಳ್ಳಿಯ ಕುರ್ಕ’. ಇಂದು ಮೆಟ್ರೊ ನಿಲ್ಲುವ ಜಾಲಹಳ್ಳಿಯಲ್ಲಿ ಒಂದು ಕಾಲಕ್ಕೆ ಚಿರತೆಗೆ ಹೆದರಿ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು ಎಂದರೆ ನಗರದ ಮಗುವಿನ ಕಣ್ಣು ಅರಳುತ್ತದೆ. ‘ಪ್ಯಾಪಿಲಾನ್’, ‘ಮಹಾಪಲಾಯನ’ಗಳಲ್ಲಿ ಸೆರೆಯಿಂದ ತಪ್ಪಿಸಿಕೊಂಡವರ ಸಾಹಸ, ಮಿಲೇನಿಯಂ ಸರಣಿಯಲ್ಲಿ ಜಗತ್ತಿನ ಅಚ್ಚರಿಗಳು. ಒಬ್ಬರೇ ಒಂದು ಗ್ರಂಥಾಲಯದಷ್ಟು ಕೊಟ್ಟರು. ಕೃಷಿವಿಜ್ಞಾನಿ ಕೆ.ಎನ್. ಗಣೇಶಯ್ಯ ‘ಕನಕ ಮುಸುಕು’ ಕಾದಂಬರಿಯಲ್ಲಿ ಹೊಯ್ಸಳ ಶಿಲ್ಪದ ಕೈಯಲ್ಲಿರುವ ಜೋಳದ ತೆನೆಯಂಥ ವಸ್ತುವಿನ ಬೆನ್ನು ಹತ್ತಿ, ಕಾಲೇಜು ಹುಡುಗರನ್ನು ಇತಿಹಾಸದ ಕಡೆಗೆ ಎಳೆದರು.

ಮಕ್ಕಳಿಗೆಂದೇ ಬರೆದ ಕಾದಂಬರಿಗೆ ಕಳೆದ ಹದಿನೈದು ವರ್ಷ ಒಳ್ಳೆಯ ಕಾಲ. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’, ಬಸು ಬೇವಿನಗಿಡದರ ‘ಓಡಿ ಹೋದ ಹುಡುಗ’, ಸಿದ್ದಾಪುರದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದಿವೆ. 2024ರಲ್ಲಿ ಆ ಮನ್ನಣೆ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ ಪುಸ್ತಕಕ್ಕೆ ಸಂದಿತು. ಮುಳುಗಡೆ, ಗುಹೆ, ಗೇಟು: ಹೆಸರುಗಳಲ್ಲೇ ನಮ್ಮ ನೆಲದ ವಾಸನೆಯಿದೆ. ಪರೀಕ್ಷೆಗೆ ಬಾರದ ಪುಸ್ತಕವನ್ನು ಮಗುವಿನ ಕೈಗೆ ಮುಟ್ಟಿಸುವವರು ಮಾತ್ರ ಕಡಿಮೆ. ಬೀರುವಿನ ಬೀಗ ಇನ್ನೂ ಎಷ್ಟೋ ಶಾಲೆಗಳಲ್ಲಿ ಹಾಗೇ ಇದೆ. ಒಳ್ಳೆಯ ಚಿತ್ರಗಾರನಿಗೆ ತಕ್ಕ ಸಂಭಾವನೆ ಕೊಡಬಲ್ಲ ಪ್ರಕಾಶಕರೂ ಬೆರಳೆಣಿಕೆಯಷ್ಟು. ಹತ್ತಾರು ವರ್ಷ ಓದುಗರನ್ನು ಜೊತೆಗೆ ಬೆಳೆಸಿಕೊಂಡು ಹೋಗುವ, ಕನ್ನಡದ್ದೇ ಆದ ದೊಡ್ಡ ಅದ್ಭುತ ಸರಣಿಯೊಂದು ಇನ್ನೂ ಬರಬೇಕಾಗಿದೆ. ಬೂತ, ಯಕ್ಷಗಾನ, ಮಲೆಯ ಮಾದಪ್ಪನ ಕಾವ್ಯ ಇರುವ ನಾಡಿನಲ್ಲಿ ಸಾಮಗ್ರಿಗೆ ಬರವಿಲ್ಲ. ಬರೆಯುವವರು ಧೈರ್ಯ ಮಾಡಬೇಕು.

ಮನೆಯಲ್ಲಿ ಏಳನೇ ಕ್ಲಾಸಿನ ಮಗುವಿದ್ದರೆ ಈ ಬೇಸಿಗೆ ರಜೆಗೆ ‘ಬಾವಲಿ ಗುಹೆ’ ತಂದುಕೊಡಿ. ಅದು ಮುಗಿದ ವಾರ ‘ಕರ್ವಾಲೊ’ ಕೊಡಿ. ಮೊದಲ ಅಧ್ಯಾಯವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ, ಮಗು ಹೂಂಗುಟ್ಟಲಿ.