ಮಹಾರಾಜ ಟ್ರೋಫಿ 2022 ಮತ್ತು ಗುಲ್ಬರ್ಗ ಮಿಸ್ಟಿಕ್ಸ್

ಮಹಾರಾಜ ಟ್ರೋಫಿಯು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ನಡೆಸುವ ಟಿ20 ಟೂರ್ನಿ. ಅದರ ಮೊದಲ ಆವೃತ್ತಿ 2022ರ ಆಗಸ್ಟ್ 7ರಂದು ಮೈಸೂರಿನಲ್ಲಿ ಶುರುವಾಗಿ, 26ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಗಿಯಿತು. ಆಡಿದ್ದು ಆರು ತಂಡ, ಗೆದ್ದದ್ದು ಗುಲ್ಬರ್ಗ ಮಿಸ್ಟಿಕ್ಸ್. ಊರು 2014ರ ನವೆಂಬರ್ 1ರಿಂದ ಕಲಬುರಗಿಯಾಗಿದ್ದರೂ ತಂಡ ಹಳೆಯ ಹೆಸರನ್ನೇ ಇಟ್ಟುಕೊಂಡಿತ್ತು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ಗುಲ್ಬರ್ಗವೇ.

ಇದಕ್ಕೂ ಮೊದಲು 2009ರಿಂದ ಕರ್ನಾಟಕ ಪ್ರೀಮಿಯರ್ ಲೀಗ್ ಇತ್ತು. ಬಿಜಾಪುರ ಬುಲ್ಸ್ 2015 ಮತ್ತು 2018ರಲ್ಲಿ, ಬಳ್ಳಾರಿ ಟಸ್ಕರ್ಸ್ 2016ರಲ್ಲಿ ಕಪ್ ಗೆದ್ದಿದ್ದವು. 2019ರ ಮೋಸದಾಟದ ಪ್ರಕರಣದಿಂದ ಆ ಲೀಗಿನ ಹೆಸರು ಕೆಟ್ಟಿತು. ಹಿಂದೆಯೇ ಕೋವಿಡ್ ಬಂತು. ಮತ್ತೆ ಟೂರ್ನಿ ಶುರು ಮಾಡುವಾಗ ಸಂಸ್ಥೆ ಹಳೆಯ ಹೆಸರನ್ನು ಕೈಬಿಟ್ಟು, ಅಧ್ಯಕ್ಷರಾಗಿದ್ದಾಗಲೇ 2013ರ ಡಿಸೆಂಬರ್‌ನಲ್ಲಿ ತೀರಿಕೊಂಡ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ನೆನಪಿಗೆ ಈ ಹೆಸರಿಟ್ಟಿತು. ತಂಡಗಳಿಗೆ ಮಾಲೀಕರ ಬದಲು ಪ್ರಾಯೋಜಕರು ಬಂದರು.

ಗುಲ್ಬರ್ಗದ ಹೆಸರು ಹೊತ್ತ ತಂಡ ಆ ಸಲ ಗುಲ್ಬರ್ಗದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣ ಇಲ್ಲಿಂದ 500 ಕಿಲೋಮೀಟರ್‌ಗೂ ಆಚೆ. ಇನ್ನು ಆಗಸ್ಟ್ ಅಂದರೆ ಈ ಸೀಮೆಯಲ್ಲಿ ಕ್ರಿಕೆಟ್ಟಿನ ಕಾಲವೇ ಅಲ್ಲ. ಹೊಲದಲ್ಲಿ ತೊಗರಿ ಬೆಳೆಯುತ್ತಿರುತ್ತದೆ, ಮಳೆ ಬಿಡುವು ಕೊಟ್ಟರೆ ಹೆಸರಿನ ರಾಶಿ ನಡೆದಿರುತ್ತದೆ. ನೆಂದ ಎರೆಮಣ್ಣಿನಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ಸೇರು ಮಣ್ಣು ಮೆತ್ತುತ್ತದೆ. ಅಲ್ಲಿ ಚೆಂಡು ಪುಟಿಯುವುದೆಲ್ಲಿ? ಇಲ್ಲಿಯ ಟೆನಿಸ್ ಚೆಂಡಿನ ಆಟಕ್ಕೆ ತೊಗರಿ ರಾಶಿ ಮುಗಿದು ಹೊಲ ಖಾಲಿಯಾಗಿ, ನೆಲ ಬಿರಿಯಬೇಕು.

ತಂಡದ ನಾಯಕ ಮನೀಶ್ ಪಾಂಡೆ, ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ. ಜೊತೆಗೆ ದೇವದತ್ತ ಪಡಿಕ್ಕಲ್, ರೋಹನ್ ಪಾಟೀಲ ಇದ್ದರು. ಮೊದಲ ಕ್ವಾಲಿಫೈಯರ್‌ನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ನಾಯಕ ಮಯಂಕ್ ಅಗರ್ವಾಲ್ ಶತಕ ಬಾರಿಸಿದರು, ಗುಲ್ಬರ್ಗ ಸೋತಿತು. ಎರಡನೇ ಕ್ವಾಲಿಫೈಯರ್ ದಾಟಿ ಫೈನಲ್‌ಗೆ ಬಂದಾಗ ಎದುರಿಗಿದ್ದದ್ದು ಅದೇ ಬ್ಲಾಸ್ಟರ್ಸ್.

ಅದು ಶ್ರಾವಣದ ಅಮಾವಾಸ್ಯೆಯ ಹಿಂದಿನ ದಿನ, ಶುಕ್ರವಾರ. ಮೊದಲು ಆಡಿದ ಗುಲ್ಬರ್ಗ 3 ವಿಕೆಟ್‌ಗೆ 220 ರನ್ ಪೇರಿಸಿತು. ಪಡಿಕ್ಕಲ್ 42 ಎಸೆತದಲ್ಲಿ 56 ಹೊಡೆದರು. ಆದರೆ ಪಂದ್ಯದ ಲೆಕ್ಕ ಬದಲಿಸಿದ್ದು ಕೊನೆಗೆ ಬಂದು 17 ಎಸೆತದಲ್ಲಿ 41 ಬಾಚಿದ ಪಾಂಡೆ. ಚಿನ್ನಸ್ವಾಮಿಯ ಸಣ್ಣ ಬೌಂಡರಿಗಳಲ್ಲಿ 220 ಕೂಡ ನೆಮ್ಮದಿಯ ಮೊತ್ತವಲ್ಲ. ಬ್ಲಾಸ್ಟರ್ಸ್‌ನ ಎಲ್.ಆರ್. ಚೇತನ್ ಬರೀ 40 ಎಸೆತದಲ್ಲಿ 91 ಹೊಡೆದು ಅದನ್ನು ತೋರಿಸಿಯೂಬಿಟ್ಟರು. ಅವರ ತಂಡ 9 ವಿಕೆಟ್‌ಗೆ 209ರಲ್ಲಿ ನಿಂತಿತು. ಗುಲ್ಬರ್ಗಕ್ಕೆ 11 ರನ್ ಗೆಲುವು.

ಮುಂದಿನ ವರ್ಷ, 2023ರಲ್ಲಿ, ಪಾಂಡೆ ಮತ್ತೆ ಅದೇ ಕಪ್ ಎತ್ತಿದರು. ಆಗ ಅವರು ಹುಬ್ಬಳ್ಳಿ ಟೈಗರ್ಸ್ ನಾಯಕ.