ಅಡ್ಡಹೆಸರಿನಲ್ಲಿ ಉಳಿದ ಊರು: ಸಾವಳಗಿ ಸೀಮೆಯ ಮನೆತನಗಳ ಪೂರ್ವಜ ಶೋಧ

ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಪಾಟೀಲ, ಕುಲಕರ್ಣಿ, ದೇಸಾಯಿ, ತಳವಾರ ಮೊದಲಾದವು ಅಧಿಕಾರವನ್ನು ಅಥವಾ ಊಳಿಗವನ್ನು ಸೂಚಿಸುತ್ತವೆ. ಬಡಿಗೇರ, ಕಂಬಾರ, ಪತ್ತಾರ, ಹೂಗಾರ ಎಂಬವು ಕಸುಬನ್ನು ಹೇಳುತ್ತವೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂಬವು ಬೆಳೆಯಿಂದ ಇಲ್ಲವೆ ವ್ಯಾಪಾರದ ಸರಕಿನಿಂದ ಬಂದವು. ನಾಲ್ಕನೆಯ ಬಗೆ ಊರಿನ ಹೆಸರುಗಳದು: ಜಮಖಂಡಿ, ಗಲಗಲಿ, ತುಂಗಳ, ಸಾವಳಗಿ. ಈ ಕೊನೆಯ ಬಗೆಗೆ ಒಂದು ವಿಶೇಷವುಂಟು. ಊರಿನ ಹೆಸರು ಆ ಊರಿನಲ್ಲಿ ಇದ್ದವರಿಗಿಂತ ಅದನ್ನು ಬಿಟ್ಟು ಹೋದವರಿಗೆ ಅಂಟಿಕೊಳ್ಳುತ್ತದೆ. ಸಾವಳಗಿಯಲ್ಲಿಯೇ ಇರುವವನನ್ನು ಸಾವಳಗಿಯವನೆಂದು ಗುರುತಿಸುವ ಅಗತ್ಯ ಬೀಳುವುದಿಲ್ಲ. ಅವನು ಬೇರೊಂದು ಊರಿಗೆ ಹೋಗಿ ನೆಲೆಸಿದಾಗ ಅಲ್ಲಿಯ ಜನ ಅವನನ್ನು ಹಾಗೆ ಕರೆಯುತ್ತಾರೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಆ ಕರೆ ಮನೆತನದ ಹೆಸರಾಗುತ್ತದೆ. ಜನಪದ ಗೀತೆಗಳ ಸಂಗ್ರಹಕ್ಕೆ ದಾರಿ ತೋರಿದ ಮಧುರಚೆನ್ನರು ಹಲಸಂಗಿಯವರೆಂದೇ ಪ್ರಸಿದ್ಧರು. ಆದರೆ ಚನ್ನಮಲ್ಲಪ್ಪ ಗಲಗಲಿ ಎಂಬ ಅವರ ಪೂರ್ಣ ಹೆಸರು ಕೃಷ್ಣಾ ತೀರದ ಗಲಗಲಿಯನ್ನು ನೆನಪಿಸುತ್ತದೆ.

ಆದ್ದರಿಂದ ಊರಿನ ಅಡ್ಡಹೆಸರು ವಲಸೆಯ ಅತಿ ಚಿಕ್ಕ ದಾಖಲೆಯಾಗಿದೆ. ಹೊರಟ ಊರನ್ನು ಅದು ಹೇಳುತ್ತದೆ. ಹೊರಟ ಕಾಲವನ್ನೂ ಕಾರಣವನ್ನೂ ಹೇಳುವುದಿಲ್ಲ. ಅವುಗಳನ್ನು ತಿಳಿಯಲು ಹೆಳವರ ಹೊತ್ತಿಗೆ, ಚಾವಡಿಯ ದಫ್ತರ ಹಾಗೂ ಹಳೆಯ ಪತ್ರಿಕೆ ಎಂಬ ಮೂರು ಆಕರಗಳನ್ನು ಒಟ್ಟಿಗೆ ಓದಬೇಕಾಗುತ್ತದೆ. ಇವುಗಳಲ್ಲಿ ಯಾವುದೂ ವಂಶವೃಕ್ಷಕ್ಕೆಂದೇ ಸರ್ವರನ್ನೂ ಒಳಗೊಂಡು ಹುಟ್ಟಿದ್ದಲ್ಲ. ಪ್ರತಿಯೊಂದೂ ಯಾರನ್ನು ಬರೆದುಕೊಂಡಿತು, ಯಾರನ್ನು ಬಿಟ್ಟಿತು ಎಂಬ ವಿವೇಚನೆಯೇ ಇಂಥ ಶೋಧದ ಮೊದಲ ಪಾಠ.

ಊರು ಯಾವುದು, ಆಡಳಿತ ಯಾರದು?

ಸಾವಳಗಿ ಎಂಬ ಹೆಸರಿನ ಊರು ಒಂದೇ ಅಲ್ಲ. ಕೃಷ್ಣೆಯ ಉತ್ತರಕ್ಕಿರುವ ಜಮಖಂಡಿ ತಾಲೂಕಿನ ಸಾವಳಗಿಯಲ್ಲದೆ, ಶಿವಲಿಂಗೇಶ್ವರ ಮಠದಿಂದ ಹೆಸರಾದ ಗೋಕಾಕ ತಾಲೂಕಿನ ಸಾವಳಗಿಯೂ ಕಲಬುರಗಿ ಸೀಮೆಯ ಸಾವಳಗಿಯೂ ಇವೆ. ಹುಬ್ಬಳ್ಳಿಯಲ್ಲಿಯೋ ಸೊಲ್ಲಾಪುರದಲ್ಲಿಯೋ ನೆಲೆಸಿದ ಸಾವಳಗಿ ಮನೆತನ ಇವುಗಳಲ್ಲಿ ಯಾವುದರಿಂದ ಹೊರಟದ್ದೆಂಬುದನ್ನು ಮನೆದೇವರು, ಬೆಡಗು, ನಡೆದುಕೊಳ್ಳುವ ಮಠ, ಬೀಗತನದ ಊರುಗಳು ಇವುಗಳಿಂದ ಮೊದಲು ನಿರ್ಧರಿಸಬೇಕಾಗುತ್ತದೆ.

ಎರಡನೆಯ ತೊಡಕು ಆಡಳಿತದ್ದು. ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದು ಗುರುತಿಸುವ ಪ್ರದೇಶ 1948ರವರೆಗೆ ಹಲವು ಒಡೆತನಗಳಲ್ಲಿ ಹಂಚಿಹೋಗಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ರಬಕವಿ, ತೇರದಾಳ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಬೀಳಗಿ ಬ್ರಿಟಿಷರ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಕೇಂದ್ರ 1885ರಲ್ಲಿ ಕಲಾದಗಿಯಿಂದ ವಿಜಾಪುರಕ್ಕೆ ಹೋಯಿತು. ಹುಬ್ಬಳ್ಳಿಯ ಹತ್ತಿರದ ಕುಂದಗೋಳ ಜಮಖಂಡಿ ಸಂಸ್ಥಾನದ ಭಾಗವಾಗಿದ್ದುದರಿಂದ ಸಂಸ್ಥಾನದ ಚಾಕರಿಯಲ್ಲಿದ್ದವರು ಅಲ್ಲಿಂದಿಲ್ಲಿಗೆ ವರ್ಗವಾಗುವುದು ಸಹಜವಾಗಿತ್ತು. 1948ರ ಮಾರ್ಚ್ 8ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು; 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂದಿತು; 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಹೀಗಾಗಿ ಒಂದೇ ಮನೆತನದ ಕಾಗದಗಳು ಊರು ಕದಲದಿದ್ದರೂ ಹಲವು ಕಚೇರಿಗಳಿಗೆ ಚದುರಿರುತ್ತವೆ. ಸಂಸ್ಥಾನದ ಬರಹ ಹೆಚ್ಚಾಗಿ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆದುದರಿಂದ ಕನ್ನಡ ಮನೆತನದ ಚರಿತ್ರೆಗೂ ಮೋಡಿಯ ಓದು ಬೇಕಾಗುತ್ತದೆ.

ಹೆಳವರ ಹೊತ್ತಿಗೆ

ಎತ್ತಿನ ಮೇಲೆ ಕುಳಿತು ಬಂದು ವಂಶಾವಳಿ ಹೇಳುವ ಹೆಳವರು ಈ ಸೀಮೆಯ ವಂಶಚರಿತ್ರೆಕಾರರು. ಪ್ರತಿ ಹೆಳವ ಕುಟುಂಬಕ್ಕೂ ಪರಂಪರೆಯಿಂದ ಹಂಚಿಬಂದ ಒಕ್ಕಲು ಮನೆತನಗಳಿರುತ್ತವೆ. ಸುಗ್ಗಿಯ ನಂತರ ಬಂದು ಮೂಲಪುರುಷನಿಂದ ಹಿಡಿದು ಈಗಿನವರ ವರೆಗಿನ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು-ಬಟ್ಟೆಗಳ ದಾನ ಪಡೆದು ಹೋಗುವುದು ರೂಢಿ. ಮೊದಲು ಬಾಯಿಪಾಠವಾಗಿದ್ದುದು ಕಾಲಕ್ರಮದಲ್ಲಿ ಹೊತ್ತಿಗೆಗೂ ಇಳಿದಿದೆ.

ಸರಕಾರಿ ದಾಖಲೆಯಲ್ಲಿ ಸಿಗದ ಒಂದು ಸಂಗತಿ ಹೆಳವರಲ್ಲಿ ದೊರೆಯುತ್ತದೆ: ಅದು ಊರಿಂದೂರಿಗೆ ಸಾಗಿದ ಕ್ರಮ. ಮೂಲ ಊರು, ನಡುವೆ ನಿಂತ ಊರು, ಈಗಿನ ಊರು ಎಂಬ ಸರಣಿ ಅವರ ನಿರೂಪಣೆಯ ಬೆನ್ನೆಲುಬು. ಅದೇ ಕಾಲಕ್ಕೆ ಅವರ ಹೊತ್ತಿಗೆಗೂ ಮಿತಿಗಳಿವೆ. ಎಲ್ಲ ಸಮುದಾಯಗಳಿಗೂ ಹೆಳವರಿಲ್ಲ. ದಾನ ನೀಡುವ ಮನೆತನದ ಘನತೆಯನ್ನು ಹೇಳುವುದು ಅವರ ವೃತ್ತಿಧರ್ಮವಾದುದರಿಂದ ಜಗಳ, ಸಾಲ, ಬಹಿಷ್ಕಾರಗಳು ಮರೆಯಾಗಬಹುದು. ದತ್ತಕ ಬಂದವನು ಹುಟ್ಟಿದ ಮನೆಯ ಸಾಲಿನಿಂದ ಕಳಚಿ ದತ್ತಕ ಪಡೆದವರ ಮಗನಾಗಿ ನಿಲ್ಲುತ್ತಾನೆ.

ಕಾಲದ ಗೊಂದಲವೂ ಉಂಟು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ‘ಧಾತು ಸಂವತ್ಸರದ ಬರದಲ್ಲಿ ಊರು ಬಿಟ್ಟರು’ ಎಂಬಂಥ ಮಾತು ದೊರೆತರೆ ಅದು 1816-17ನ್ನೂ 1876-77ನ್ನೂ 1936-37ನ್ನೂ ಸೂಚಿಸಬಹುದು. 1876-77ರಲ್ಲಿ ಈ ಸೀಮೆಯನ್ನು ಭೀಕರ ಬರ ಬಾಧಿಸಿದ್ದು ನಿಜವಾದರೂ, ನಡುವಿನ ತಲೆಮಾರುಗಳನ್ನು ಎಣಿಸಿ ನೋಡದೆ ನಿರ್ಣಯಕ್ಕೆ ಬರುವಂತಿಲ್ಲ. ಮೋಡಿ ಕಾಗದಗಳಲ್ಲಿ ಬರುವ ಫಸಲಿ ವರ್ಷಕ್ಕೆ 590 ಅಥವಾ 591ನ್ನೂ, ಮರಾಠಾ ಆಡಳಿತದ ಸುಹೂರ್ ವರ್ಷಕ್ಕೆ 599 ಅಥವಾ 600ನ್ನೂ ಕೂಡಿಸಿದಾಗ ಕ್ರಿಸ್ತಶಕ ದೊರೆಯುತ್ತದೆ. ಇವೆರಡನ್ನು ಅದಲುಬದಲು ಮಾಡಿದರೆ ಸುಮಾರು ಒಂಬತ್ತು ವರ್ಷಗಳ ವ್ಯತ್ಯಾಸ ಬಂದು, ಮಗ ತಂದೆಗಿಂತ ಮೊದಲೇ ಖಾತೆದಾರನಾಗುವ ವಿಪರ್ಯಾಸ ಒದಗಬಹುದು.

ಚಾವಡಿಯ ದಫ್ತರ

ಇಂಗ್ಲೆಂಡಿನಂಥ ದೇಶಗಳಲ್ಲಿ ಪೂರ್ವಜರನ್ನು ಹುಡುಕುವವರು ಹಳೆಯ ಜನಗಣತಿಯ ಮನೆವಾರು ಹಾಳೆಗಳನ್ನು ನೋಡುತ್ತಾರೆ. ಭಾರತದಲ್ಲಿ ಆ ದಾರಿಯಿಲ್ಲ. 1948ರ ಜನಗಣತಿ ಕಾಯಿದೆ ವ್ಯಕ್ತಿಗತ ವಿವರಗಳನ್ನು ಗೋಪ್ಯವಾಗಿಟ್ಟಿದೆ. ಇಲ್ಲಿ ಆ ಸ್ಥಾನವನ್ನು ಭೂದಾಖಲೆಗಳು ತುಂಬುತ್ತವೆ. ಮುಂಬಯಿ ಪ್ರಾಂತದಲ್ಲಿ 1903ರ ಹಕ್ಕುದಾಖಲೆ ಕಾಯಿದೆಯ ತರುವಾಯ ಜಮೀನಿನ ಹಕ್ಕು ಬದಲಾದಾಗಲೆಲ್ಲ ಅದನ್ನು ನಮೂದಿಸುವ ಕ್ರಮ ಬಂದಿತು. ಜನರು ‘ಡೈರಿ’ ಎಂದು ಕರೆಯುವ ಈ ನಮೂದುಗಳಲ್ಲಿ ವಾರಸಾ ಡೈರಿ ವಂಶಶೋಧಕ್ಕೆ ಬಹು ಉಪಯುಕ್ತ. ಖಾತೆದಾರ ತೀರಿಕೊಂಡ ಸಂಗತಿ, ವಾರಸುದಾರರ ಹೆಸರು, ಅವರ ಸಂಬಂಧ ಎಲ್ಲವೂ ಒಂದೆಡೆ ಸಿಗುತ್ತವೆ.

ಈ ಕಾಗದಗಳಿಗೆ ತಮ್ಮದೇ ಪರಿಭಾಷೆಯಿದೆ. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ, ‘ಸಾ॥’ ಎಂದರೆ ಸಾಕೀನ, ಅಂದರೆ ವಾಸದ ಊರು. ‘ಬಸಪ್ಪ ಬಿನ್ ಮಲ್ಲಪ್ಪ, ಸಾ॥ ಸಾವಳಗಿ’ ಎಂಬ ಮಾದರಿಯ ನಮೂದಿನಲ್ಲಿ ಸಾವಳಗಿ ಎಂಬುದು ವಾಸಸ್ಥಳ. ಅದೇ ಹೆಸರು ‘ಬಸಪ್ಪ ಮಲ್ಲಪ್ಪ ಸಾವಳಗಿ, ಸಾ॥ ಹುಬ್ಬಳ್ಳಿ’ ಎಂದಾದಾಗ ಮನೆತನದ ಹೆಸರು. ಈ ಎರಡು ಬಗೆಯ ನಮೂದುಗಳ ನಡುವಿನ ಅವಧಿಯೇ ವಲಸೆಯ ಕಾಲ.

ಜನನ-ಮರಣದ ನೋಂದಣಿಯನ್ನು ಇಷ್ಟೇ ನೆಚ್ಚುವಂತಿಲ್ಲ. ನೋಂದಣಿಯನ್ನು ದೇಶಕ್ಕೆಲ್ಲ ಕಡ್ಡಾಯವಾಗಿ ಏಕರೂಪಗೊಳಿಸಿದ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ತೊಟ್ಟಿಲಿಗೆ ಹಾಕುವ ಮೊದಲೇ ಜನನದ ವರದಿ ಹೋಗುತ್ತಿದ್ದುದರಿಂದ ಮಗುವಿನ ಹೆಸರಿನ ಸ್ಥಳ ಖಾಲಿಯಿರುವುದು ಸಾಮಾನ್ಯ. ಶಾಲೆಯ ದಾಖಲಾತಿ ಪುಸ್ತಕ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತದೆ. ಆದರೆ ಅಲ್ಲಿ ಪದೇ ಪದೇ ಕಾಣುವ ಜೂನ್ 1 ಎಂಬ ಜನ್ಮದಿನಾಂಕ ಬಹುಪಾಲು ಶಿಕ್ಷಕರು ಲೆಕ್ಕಕ್ಕಾಗಿ ಬರೆದುಕೊಂಡದ್ದೆಂಬುದನ್ನು ಮರೆಯಬಾರದು.

ಪತ್ರಿಕೆಗಳ ಸಾಕ್ಷ್ಯ

ವಿಜಾಪುರದ ‘ಕರ್ನಾಟಕ ವೈಭವ’, 1921ರ ‘ಕರ್ಮವೀರ’, ಫ. ಗು. ಹಳಕಟ್ಟಿಯವರು 1927ರಲ್ಲಿ ಆರಂಭಿಸಿದ ‘ನವಕರ್ನಾಟಕ’, 1933ರ ‘ಸಂಯುಕ್ತ ಕರ್ನಾಟಕ’ ಇವು ಈ ಭಾಗದ ಶೋಧಕ್ಕೆ ನೆರವಾಗುವ ಪತ್ರಿಕೆಗಳು. ಸಂಸ್ಥಾನಗಳ ಮರಾಠಿ ಓದುಗರ ಜಗತ್ತನ್ನು ತಿಳಿಯಲು 1881ರಲ್ಲಿ ಆರಂಭವಾದ ಪುಣೆಯ ‘ಕೇಸರಿ’ಯನ್ನೂ ನೋಡಬೇಕು. ಇವುಗಳ ಸಂಪಾದಕೀಯಗಳಿಗಿಂತ ಕಡೆಯ ಪುಟಗಳ ಸಣ್ಣ ಅಕ್ಷರ ವಂಶಶೋಧಕನಿಗೆ ಮುಖ್ಯ. ಆಸ್ತಿ ಖರೀದಿಯ ಜಾಹೀರು ನೋಟೀಸು, ದತ್ತಕದ ತಕರಾರು, ದೇಣಿಗೆದಾರರ ಪಟ್ಟಿ, ಪರೀಕ್ಷೆಯ ಫಲಿತಾಂಶ, ನಿಧನ ವಾರ್ತೆ, ಚಳವಳಿಯಲ್ಲಿ ಸೆರೆಯಾದವರ ಹೆಸರು ಇಂಥವುಗಳಲ್ಲಿ ಸಾಮಾನ್ಯ ಮನೆತನಗಳು ದಿನಾಂಕ ಸಹಿತ ಕಾಣಿಸಿಕೊಳ್ಳುತ್ತವೆ. ಹೆಳವರಲ್ಲಿ ಸಂವತ್ಸರವಷ್ಟೇ ಇರುವ ಘಟನೆಗೆ ಪತ್ರಿಕೆಯ ಒಂದು ನೋಟೀಸು ಖಚಿತ ದಿನವನ್ನು ಒದಗಿಸಬಲ್ಲದು. ಆದರೆ ಪತ್ರಿಕೆಯೂ ಸಾಕ್ಷರರಿಗೆ, ಆಸ್ತಿವಂತರಿಗೆ ಒಲಿದ ಆಕರ.

ಬಿಟ್ಟುಹೋದ ಹೆಸರುಗಳು

ಮೂರೂ ಆಕರಗಳು ಸಮಾನವಾಗಿ ಕಡೆಗಣಿಸಿದವರು ಹೆಣ್ಣುಮಕ್ಕಳು ಮತ್ತು ಭೂಮಿಯಿಲ್ಲದವರು. ಹೆಳವರ ವಂಶಾವಳಿ ಮುಖ್ಯವಾಗಿ ಗಂಡುಸಂತಾನದ ಸಾಲಿನಲ್ಲಿ ಸಾಗುತ್ತದೆ. ಡೈರಿಯಲ್ಲಿ ಹೆಣ್ಣು ಕಾಣಿಸುವುದು ಬಹುಮಟ್ಟಿಗೆ ಗಂಡ ತೀರಿ, ಮಗ ಅಜ್ಞಾನನಾಗಿರುವಾಗ ಮಾತ್ರ. ಆಗ ಮಗನ ಹೆಸರಿನ ಮುಂದೆ ‘ಅ.ಪಾ.ಕ.’, ಅಂದರೆ ಅಜ್ಞಾನ ಪಾಲನಕರ್ತೆ ಎಂದು ತಾಯಿಯ ಹೆಸರು ಬರುತ್ತದೆ. ಮಗ ವಯಸ್ಸಿಗೆ ಬಂದೊಡನೆ ಆ ಹೆಸರು ಕಾಗದದಿಂದ ಮರೆಯಾಗುತ್ತದೆ. ಆ ಕೆಲವು ವರ್ಷ ಜಮೀನನ್ನೂ ಮನೆಯನ್ನೂ ಉಳಿಸಿಕೊಂಡವಳು ಆಕೆಯೆಂಬುದಕ್ಕೆ ಈ ಮೂರಕ್ಷರವೇ ಸಾಕ್ಷಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ಕರ್ನಾಟಕದ 1994ರ ತಿದ್ದುಪಡಿ ಹಾಗೂ 2005ರ ಕೇಂದ್ರ ತಿದ್ದುಪಡಿಗಳ ನಂತರವೇ ಮಗಳು ವಾರಸುದಾರಳಾಗಿ ಹೆಚ್ಚು ಹೆಚ್ಚಾಗಿ ಕಾಣತೊಡಗಿದಳು.

ಇಲ್ಲಿ ಊರಿನ ಅಡ್ಡಹೆಸರಿಗೆ ಮರಳಿದರೆ ಇನ್ನೊಂದು ಸಾಧ್ಯತೆ ಕಾಣುತ್ತದೆ. ಗಂಡುಸಂತಾನವಿಲ್ಲದ ಮನೆಗೆ ಮನೆಅಳಿಯನಾಗಿ ಬಂದವನನ್ನು ಅವನ ಹುಟ್ಟೂರಿನಿಂದ ಕರೆಯುವುದು ವಾಡಿಕೆ. ಆದ್ದರಿಂದ ಕೆಲವು ಮನೆತನಗಳಲ್ಲಿ ‘ಸಾವಳಗಿ’ ಎಂಬ ಹೆಸರು ಗಂಡಿನ ವಲಸೆಯನ್ನು ಹೇಳುತ್ತಲೇ ನೆಲದ ಒಡತಿಯಾಗಿದ್ದ ಹೆಣ್ಣನ್ನು ಮರೆಮಾಡಿರಬಹುದು. ಅಂಥಲ್ಲಿ ವಂಶದ ಬೇರು ಅಡ್ಡಹೆಸರಿನ ಊರಿನಲ್ಲಿ ಎಷ್ಟಿದೆಯೋ ಈಗಿನ ಊರಿನಲ್ಲಿಯೂ ಅಷ್ಟೇ ಇರುತ್ತದೆ. ತವರಿನ ಊರು, ದೇವರು, ಬಂಧುಗಳನ್ನು ಹೆಸರಿಸುವ ಬೀಸುವ ಪದಗಳೂ ಸೋಬಾನೆಗಳೂ ಈ ಕಾರಣದಿಂದ ವಂಶಚರಿತ್ರೆಯ ಆಕರಗಳಾಗುತ್ತವೆ.

ಈ ಶೋಧ ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಬಾಗಲಕೋಟೆ, ಬೀಳಗಿ, ಜಮಖಂಡಿ ತಾಲೂಕುಗಳ ನದಿದಂಡೆಯನ್ನು ಆವರಿಸಿದಾಗ ಪರಿಹಾರಕ್ಕಾಗಿ ವಂಶಾವಳಿಯನ್ನು ರುಜುವಾತುಪಡಿಸುವ ಪ್ರಸಂಗ ಸಾವಿರಾರು ಮನೆಗಳಿಗೆ ಬಂದಿತು. 2010ರಲ್ಲಿ ಕೃಷ್ಣಾ ನ್ಯಾಯಾಧೀಕರಣ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿ ನೀಡಿರುವುದರಿಂದ ಆ ಪ್ರಶ್ನೆ ಮುಗಿದಿಲ್ಲ. 2019ರ ಪ್ರವಾಹದಲ್ಲಿ ದಂಡೆಯ ಊರುಗಳು ಮನೆಗಳೊಡನೆ ಟ್ರಂಕುಗಳಲ್ಲಿದ್ದ ಕಾಗದಗಳನ್ನೂ ಕಳೆದುಕೊಂಡವು. ಊರು ಸ್ಥಳಾಂತರಗೊಂಡಾಗ ಹೆಳವನಿಗೆ ತನ್ನ ಒಕ್ಕಲು ಸಿಗುವುದು ಕಷ್ಟ. ಒಕ್ಕಲಿಗೆ ತನ್ನ ಹೆಳವ ಸಿಗುವುದೂ ಕಷ್ಟ. ಕಚೇರಿಯ ದಫ್ತರಗಳು ಗಣಕೀಕರಣಗೊಳ್ಳುತ್ತಿರುವ ಈ ಹೊತ್ತಿನಲ್ಲಿ ಹೆಳವರ ಹೊತ್ತಿಗೆಗಳನ್ನು ಅವರ ಒಪ್ಪಿಗೆಯಿಂದ, ಅವರ ಹಕ್ಕಿಗೆ ಚ್ಯುತಿಯಾಗದಂತೆ ಪ್ರತಿಮಾಡಿಸುವುದು, ಮೋಡಿ ಬಲ್ಲ ಹಿರಿಯರಿಂದ ಕಿರಿಯರಿಗೆ ತರಬೇತಿ ಕೊಡಿಸುವುದು, ಹಳೆಯ ಪತ್ರಿಕೆಗಳ ಊರುವಾರು ಸೂಚಿ ಸಿದ್ಧಪಡಿಸುವುದು ಆಗಬೇಕಾದ ಕೆಲಸಗಳು. ಇವುಗಳ ಜೊತೆಗೆ ಡೈರಿಗಳಲ್ಲಿ ‘ಅ.ಪಾ.ಕ.’ ಎಂದು ಬಂದ ತಾಯಂದಿರ ಹೆಸರುಗಳನ್ನು ಊರುವಾರು ಪಟ್ಟಿಮಾಡಿದರೆ, ಹೆಳವರೂ ಹೇಳದ ಒಂದು ವಂಶಾವಳಿ ಈ ಸೀಮೆಗೆ ದೊರೆತೀತು.