ಯಲಹಂಕ ನಾಡೂ ಬೆಂಗಳೂರಿನ ನಗರಯೋಜನೆಯೂ

ಯಲಹಂಕ, ಹೆಬ್ಬಾಳ, ಯಶವಂತಪುರಗಳು ಈಗ ಬೆಂಗಳೂರಿನ ಉತ್ತರಭಾಗದ ಬಡಾವಣೆಗಳೆಂದು ಎಣಿಸಲ್ಪಡುತ್ತಿವೆ. ಆದರೆ ಚರಿತ್ರೆಯ ಕ್ರಮವನ್ನು ವಿಚಾರಿಸಿದರೆ ನಗರವೇ ಯಲಹಂಕ ನಾಡಿನ ಕೂಸೆಂಬುದು ವಿದಿತವಾಗುವುದು. ಚೋಳರ ಶಾಸನಗಳಲ್ಲಿ ಈ ಸೀಮೆಯು ಇಲೈಪಾಕ್ಕ ನಾಡೆಂದು ಕರೆಯಲ್ಪಟ್ಟಿದೆ. 2018ರಲ್ಲಿ ಹೆಬ್ಬಾಳದಲ್ಲಿ ದೊರೆತ, ಗಂಗರ ಶ್ರೀಪುರುಷನ ಕಾಲದ, ಕ್ರಿ. ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲಿನಲ್ಲಿ ಪೆರ್ಬೊಳಲ್ ನಾಡಿನ ಹೆಸರು ಬಂದಿದೆ. ಪೆರ್ಬೊಳಲ್ ಎಂದರೆ ಹಿರಿಯ ಪಟ್ಟಣ. ಅದೇ ಸವೆದು ಹೆಬ್ಬಾಳವಾಯಿತು. ಬೆಂಗಳೂರು ಕೋಟೆಗೆ ಬುನಾದಿ ಬೀಳುವುದಕ್ಕೆ ಸುಮಾರು ಎಂಟುನೂರು ವರ್ಷಗಳ ಹಿಂದೆಯೇ ಇಲ್ಲೊಂದು ಊರು ತನ್ನನ್ನು ಹಿರಿದೆಂದು ಕರೆದುಕೊಂಡಿತ್ತೆಂಬುದು ಸ್ವಾರಸ್ಯವಾದ ಸಂಗತಿಯಲ್ಲವೆ?

ಯಲಹಂಕ ನಾಡಪ್ರಭುಗಳ ವಂಶದ ಹಿರಿಯ ಕೆಂಪೇಗೌಡನು 1537ನೆಯ ಇಸವಿಯಲ್ಲಿ ಮಣ್ಣಿನ ಕೋಟೆಯನ್ನೂ ಪೇಟೆಗಳನ್ನೂ ನಿರ್ಮಿಸಿದನು. ಒಂದೊಂದು ವೃತ್ತಿಯವರಿಗೆ ಒಂದೊಂದು ಪೇಟೆಯನ್ನು ಗೊತ್ತುಮಾಡಿ, ಊರಿಗೆ ಬೇಕಾದ ನೀರಿಗಾಗಿ ಕೆರೆಗಳನ್ನು ಕಟ್ಟಿಸಿದ ಆತನ ಕ್ರಮವನ್ನು ನೋಡಿದರೆ, ಯೋಜನೆಯೆಂಬ ಶಬ್ದವು ಆಗ ಇಲ್ಲದಿದ್ದರೂ ಅದರ ಅರ್ಥವು ಆತನಿಗೆ ಚೆನ್ನಾಗಿ ತಿಳಿದಿತ್ತೆಂದು ಹೇಳಬೇಕು. ಇಮ್ಮಡಿ ಕೆಂಪೇಗೌಡನು ಕಟ್ಟಿಸಿದುವೆಂದು ಹಲವರು ಹೇಳುವ ನಾಲ್ಕು ಗಡಿಗೋಪುರಗಳಲ್ಲಿ ಉತ್ತರದ್ದು ಹೆಬ್ಬಾಳದ ಹಾದಿಯಲ್ಲಿ ಇಂದಿಗೂ ನಿಂತಿದೆ. ನಗರವು ಅದನ್ನು ದಾಟಿ ಮೈಲಿಗಟ್ಟಲೆ ಹೋಗಿಬಿಟ್ಟಿದೆ.

ಕೆರೆಯನ್ನು ಕಟ್ಟುವುದು ಶರಣರ ದೃಷ್ಟಿಯಲ್ಲಿ ಲೌಕಿಕಕಾರ್ಯ ಮಾತ್ರವಾಗಿರಲಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ತೋಡಿಸಿದುದು ಭಕ್ತಮಹಾಶಯರೆಲ್ಲರೂ ಬಲ್ಲ ವಿಷಯ. ನೀರಿನ ದಾಸೋಹವು ಅನ್ನದಾಸೋಹಕ್ಕೆ ಪೂರ್ವಾಂಗವೆಂಬ ಭಾವನೆಯಿಂದ ನೋಡುವವರಿಗೆ ಉತ್ತರ ಬೆಂಗಳೂರಿನ ಕೆರೆಗಳ ಸರಪಳಿಯೇ ಈ ನಾಡಿನ ಮೊದಲ ನಕ್ಷೆಯಾಗಿ ತೋರುವುದು. ಯಲಹಂಕದ ಕೆರೆ ತುಂಬಿದರೆ ನೀರು ಅಲ್ಲಾಳಸಂದ್ರಕ್ಕೆ, ಅಲ್ಲಿಂದ ಜಕ್ಕೂರಿಗೆ, ಮುಂದೆ ರಾಚೇನಹಳ್ಳಿಗೆ. ಹೆಬ್ಬಾಳದ ಕೋಡಿ ಬಿದ್ದರೆ ನಾಗವಾರಕ್ಕೆ. ಕಡೆಗೆ ಎಲ್ಲವೂ ದಕ್ಷಿಣ ಪಿನಾಕಿನಿಯ ಕಡೆಗೆ. ಈ ಕ್ರಮವನ್ನು ಯಾವ ಸರಕಾರವೂ ಆಜ್ಞೆಯಿಂದ ಮಾಡಿದುದಲ್ಲ. ಭೂಮಿಯ ಇಳಿಜಾರನ್ನು ಬಲ್ಲವರು ಮಾಡಿದುದು.

1898ರ ಪ್ಲೇಗು ಮಹಾಮಾರಿಯ ತರುವಾಯ ಪೇಟೆಯ ಇಕ್ಕಟ್ಟಿನಿಂದ ಜನರು ಹೊರಕ್ಕೆ ಬಂದುದರಿಂದ ಮಲ್ಲೇಶ್ವರ, ಬಸವನಗುಡಿಗಳು ಬೆಳೆದುವು. ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರ ಛತ್ರವು 1903ರಲ್ಲಿ ರೈಲುನಿಲ್ದಾಣದ ಬಳಿಯಲ್ಲಿ ತೆರೆಯಲ್ಪಟ್ಟಾಗ ಅದು ಪೇಟೆಯ ಹೊರಗಣ ಸ್ಥಳವಾಗಿತ್ತು; ಇಂದು ಅದಕ್ಕಿಂತ ನಡುವೂರು ಮತ್ತೊಂದಿಲ್ಲ. 1945ರಲ್ಲಿ ನಗರಾಭಿವೃದ್ಧಿಗಾಗಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. 1949ರಲ್ಲಿ ನಗರವೂ ದಂಡೂ ಒಂದೇ ನಗರಪಾಲಿಕೆಯ ಅಧೀನವಾದುವು. 1953ರಲ್ಲಿ ಎಚ್. ಎಂ. ಟಿ., ಮರುವರ್ಷ ಭಾರತ್ ಎಲೆಕ್ಟ್ರಾನಿಕ್ಸ್ ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ ಬಂದುವು. 1964ರಲ್ಲಿ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ, 1984ರಲ್ಲಿ ಯಲಹಂಕದಲ್ಲಿ ರೈಲ್ವೆಯ ಗಾಲಿ ಕಾರ್ಖಾನೆಯೂ ಆದುವು. ಇವುಗಳ ಬೆನ್ನಲ್ಲೇ ಬಡಾವಣೆಗಳು. ಆರ್. ಟಿ. ನಗರವು ಕವೀಂದ್ರ ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತಿದೆಯೆಂಬುದನ್ನು ಅಲ್ಲಿ ವಾಸಿಸುವವರಲ್ಲಿಯೇ ಅನೇಕರು ಮರೆತಿದ್ದಾರೆ.

ಶಾಸನಬದ್ಧವಾದ ನಗರಯೋಜನೆಯು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಿಂದ ಪ್ರಾರಂಭವಾಯಿತು. ಮೊದಲನೆಯ ರೂಪರೇಖಾ ಯೋಜನೆಯು 1963ರಲ್ಲಿ ಸಿದ್ಧವಾದರೂ 1972ರಲ್ಲಿ ಅಂಗೀಕೃತವಾಯಿತು. ಅದರ ಗುರಿಯೋ 1976. ಒಂಬತ್ತು ವರ್ಷ ಕಪಾಟಿನಲ್ಲಿದ್ದು, ನಾಲ್ಕು ವರ್ಷ ಬಾಳಬೇಕಾದ ಯೋಜನೆ! 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯಾಯಿತು. ತರುವಾಯ 1984ರಲ್ಲಿ 2001ಕ್ಕಾಗಿ, 1995ರಲ್ಲಿ 2011ಕ್ಕಾಗಿ, 2007ರ ಜೂನಿನಲ್ಲಿ 2015ಕ್ಕಾಗಿ ಯೋಜನೆಗಳು ಅಂಗೀಕೃತವಾದುವು. ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು ಕಾಯಿದೆಯು ವಿಧಿಸಿದೆ. 2031ಕ್ಕಾಗಿ ರಚಿಸಿದ ಕರಡು 2017ರ ನವೆಂಬರಿನಲ್ಲಿ ಪ್ರಕಟವಾಗಿ, ನಗರದ ಜನಸಂಖ್ಯೆಯು 2 ಕೋಟಿಯನ್ನು ಮೀರುವುದೆಂದು ಅಂದಾಜು ಮಾಡಿತ್ತು; 2020ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಹೀಗಾಗಿ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದು, ಹೆಬ್ಬಾಳದ ಹೆದ್ದಾರಿಯ ಇಕ್ಕೆಲಗಳೂ ಗುರುತು ಸಿಕ್ಕದಂತೆ ಬದಲಾದ ಮೇಲೆಯೂ, ನಗರವು ಅದಕ್ಕೆ ಮುಂಚಿನ ವರ್ಷದ ನಕ್ಷೆಯನ್ನೇ ಹಿಡಿದು ನಡೆಯಬೇಕಾಯಿತು.

ಯೋಜನೆ ತಡವಾದರೆ ಕಷ್ಟವು ಯಾರ ಪಾಲಿಗೆ ಬೀಳುವುದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಮೊದಲನೆಯದು ರೈತರದು. 2008ರ ಡಿಸೆಂಬರಿನಲ್ಲಿ ಬ್ಯಾಲಕೆರೆ, ಮೇಡಿ ಅಗ್ರಹಾರ, ರಾಮಗೊಂಡನಹಳ್ಳಿಗಳೇ ಮೊದಲಾದ 17 ಗ್ರಾಮಗಳಲ್ಲಿ ಡಾ. ಶಿವರಾಮ ಕಾರಂತ ಬಡಾವಣೆಗಾಗಿ 3,546 ಎಕರೆಯ ಸ್ವಾಧೀನಕ್ಕೆ ಪ್ರಾಥಮಿಕ ಪ್ರಕಟಣೆಯಾಯಿತು. ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. 2018ರ ಆಗಸ್ಟ್ 3ರಂದು ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ಮತ್ತೆ ಜೀವ ಕೊಟ್ಟಿತು. ನಡುವಣ ಹತ್ತು ವರ್ಷಗಳಲ್ಲಿ ರಾಗಿಯ ಹೊಲದ ಒಡೆಯನು ಬಿತ್ತುವುದೋ ಬಿಡುವುದೋ ಅರಿಯದೆ ಇದ್ದನು. ಸಾಲ ಮಾಡಿ ಮನೆ ಕಟ್ಟಿಕೊಂಡವರೂ ಇದ್ದರು. ಅಂಥ ಮನೆಗಳ ವಿಚಾರಣೆಗೆ 2020ರಲ್ಲಿ ನ್ಯಾಯಾಲಯವೇ ಸಮಿತಿಯನ್ನು ನೇಮಿಸಬೇಕಾಯಿತು. ಬಡಾವಣೆ ಬೇಡವೆಂದು ಹೇಳುವುದು ಸುಲಭ, ನಗರಕ್ಕೆ ಮನೆಗಳು ಬೇಕೇ ಬೇಕು. ಆದರೆ ಒಕ್ಕಲಿಗನ ಭೂಮಿಗೆ ಹತ್ತು ವರ್ಷ ಉತ್ತರ ಕೊಡದಿರುವುದು ಅನ್ಯಾಯವೇ ಸರಿ.

ಎರಡನೆಯದು ನೀರಿನದು. 2015ರ ಯೋಜನೆಯು ಕೆರೆಯ ಅಂಚಿನಿಂದ 30 ಮೀಟರು, ರಾಜಕಾಲುವೆಗಳ ದರ್ಜೆಗೆ ತಕ್ಕಂತೆ 50, 25, 15 ಮೀಟರು ತೆರಪು ಬಿಡಬೇಕೆಂದು ವಿಧಿಸಿತು. 2016ರಲ್ಲಿ ಹಸಿರು ನ್ಯಾಯಪೀಠವು ಕೆರೆಯ ತೆರಪನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಯೋಜನೆಯಲ್ಲಿರುವ ಅಳತೆಯನ್ನು ಹಾಗೆ ಬದಲಿಸಲಾಗದೆಂದು ಆ ಭಾಗವನ್ನು ತೆಗೆದುಹಾಕಿತು. ಎಂದರೆ, ಅಳತೆಯು ಸಾಲದೆಂದು ಕಂಡರೆ ಅದನ್ನು ತಿದ್ದುವ ಸ್ಥಾನವು ಯೋಜನೆಯ ಪರಿಷ್ಕರಣವೇ. ಆ ಪರಿಷ್ಕರಣವೇ ನಿಂತುಹೋಗಿತ್ತು. 2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ಯಲಹಂಕದ ಕೆರೆ ತುಂಬಿ ಹರಿದು ಕೇಂದ್ರೀಯ ವಿಹಾರದ ಮನೆಗಳವರು ದೋಣಿಗಳಲ್ಲಿ ಹೊರಬರಬೇಕಾಯಿತು. ಕೋಡಿಯ ನೀರು ತನ್ನ ಹಳೆಯ ಹಾದಿಯನ್ನು ಹುಡುಕಿತಷ್ಟೆ.

2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆಯಂತೆ 2025ರ ಸೆಪ್ಟೆಂಬರಿನಲ್ಲಿ ನಗರವು ಐದು ಪಾಲಿಕೆಗಳಾಗಿ ವಿಂಗಡವಾಯಿತು. ಯಲಹಂಕ, ಹೆಬ್ಬಾಳಗಳು ಉತ್ತರ ಪಾಲಿಕೆಗೆ ಸೇರಿದುವು. ಯಲಹಂಕದ ಕೆರೆಯಿಂದ ರಾಚೇನಹಳ್ಳಿಯವರೆಗಿನ ಕಾಲುವೆಗಳ ಅಳತೆಯೂ, 17 ಗ್ರಾಮಗಳಂಥ ಹಳ್ಳಿಗಳ ಹೊಲಗಳ ಗತಿಯೂ ಮುಂದಿನ ನಕ್ಷೆಯಲ್ಲಿ ಹೇಗೆ ಬರೆಯಲ್ಪಡುವುವೆಂಬುದು ಈ ಹೊಸ ಏರ್ಪಾಟಿನ ಕೈಯಲ್ಲಿದೆ. ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕಾಯಿದೆಯು ಪ್ರಜೆಗಳಿಗೆ ಅವಕಾಶ ಕೊಟ್ಟಿದೆ. ಆ ಸೀಮೆಯ ಭಕ್ತರು ತಮ್ಮ ಊರಿನ ಕೆರೆಯ ಹೆಸರೂ ಸರ್ವೆ ಸಂಖ್ಯೆಯೂ ಅದರಲ್ಲಿ ಸರಿಯಾಗಿವೆಯೇ ಎಂದು ಮೊದಲು ನೋಡತಕ್ಕದ್ದು.